ಸ್ವದೇಶೀ ಬಂದೂಕೂ ಅದರ ದೋಷಗಳೂ

2025ನೆಯ ಇಸವಿಯ ಆಗಸ್ಟಿನಲ್ಲಿ ಮೆಟ್ರೋ ರೈಲಿನ ಹಳದಿ ಮಾರ್ಗವು ತೆರೆದುದರಿಂದ, ರಾಷ್ಟ್ರೀಯ ವಿದ್ಯಾಲಯದ ರಸ್ತೆಯಲ್ಲಿ ಗಾಡಿ ಹತ್ತಿದ ಪುರವಾಸಿಯು ಈಗ ಬೊಮ್ಮಸಂದ್ರದ ಕಾರ್ಖಾನೆಗಳ ಬಾಗಿಲಿಗೇ ಹೋಗಿ ಇಳಿಯಬಹುದಾಗಿದೆ. ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಮಹಡಿಗಳು ಹಿಂದೆ ಸರಿದ ಮೇಲೆ ಕಾಣುವ ಈ ಪ್ರದೇಶವು ಲೇತಿನದು, ಸಾಣೆಯದು, ಉಕ್ಕಿಗೆ ಹದ ಕೊಡುವ ಕುಲುಮೆಯದು. ಇಲ್ಲಿಂದ ಜಿಗಣಿಗೆ ಹೋಗುವ ಕೂಡುರಸ್ತೆಯ ಕಡೆಯಲ್ಲಿ ಈಚೆಗೆ ಬಂದೂಕುಗಳೂ ತಯಾರಾಗುತ್ತಿವೆಯೆಂಬ ಸಂಗತಿಯನ್ನು ನಮ್ಮ ವಾಚಕರಲ್ಲಿ ಅನೇಕರು ಅರಿತಿರಲಾರರು. 1960ರಿಂದ ಬೆಂಗಳೂರಿನಲ್ಲಿ ಸ್ಪ್ರಿಂಗುಗಳನ್ನು ಮಾಡುತ್ತ ಬಂದಿರುವ ಸ್ಟಂಪ್, ಷೂಲೆ ಅಂಡ್ ಸೋಮಪ್ಪ ಸಂಸ್ಥೆಯವರ ಮನೆತನದಿಂದ ಹುಟ್ಟಿದ ಎಸ್.ಎಸ್.ಎಸ್. ಡಿಫೆನ್ಸ್ ಎಂಬ ಕಂಪೆನಿಯು ಜಿಗಣಿಯಲ್ಲಿ ಸೈನಿಕ ಬಂದೂಕುಗಳನ್ನು ಸ್ವಂತ ವಿನ್ಯಾಸದಿಂದ ನಿರ್ಮಿಸುತ್ತಿದೆ. ಅದರ ದೂರವೇಧಿ ಬಂದೂಕುಗಳು ಪರರಾಷ್ಟ್ರವೊಂದಕ್ಕೆ ಮಾರಾಟವಾದ ವಾರ್ತೆಯೂ 2024ರಲ್ಲಿ ಪ್ರಕಟವಾಯಿತು.

ಕಾರ್ಯಪ್ಪ, ತಿಮ್ಮಯ್ಯನವರನ್ನು ಕೊಟ್ಟ ನಾಡು ಇದರಿಂದ ಹಿಗ್ಗುವುದು ಸಹಜವೇ. ನಾವೂ ಹಿಗ್ಗುತ್ತೇವೆ. ಆದರೆ ಹೊಗಳಿಕೆಯ ಮಾತನ್ನು ಆಡಲು ಬೇಕಾದಷ್ಟು ಮಂದಿ ಇದ್ದಾರಾದ್ದರಿಂದ, ನಾವು ಇಲ್ಲಿ ಅಷ್ಟೊಂದು ಹಿತವಲ್ಲದ ಒಂದು ವಿಚಾರವನ್ನು ಎತ್ತುತ್ತೇವೆ. ಹೊಸ ಬಂದೂಕು ಯಾವ ದೇಶದಲ್ಲಿ ಹುಟ್ಟಿದರೂ ದೋಷದೊಡನೆಯೇ ಹುಟ್ಟುತ್ತದೆ. ಆ ದೋಷವನ್ನು ಯಾರು ಹೇಳಬೇಕು, ಯಾರು ಕೇಳಬೇಕು, ಎಷ್ಟು ದಿನದೊಳಗೆ ತಿದ್ದಬೇಕು ಎಂಬ ಕ್ರಮವು ನಮ್ಮಲ್ಲಿ ಇನ್ನೂ ನೆಲೆಗೊಂಡಿಲ್ಲ. ಈ ಮಾತು ಜಿಗಣಿಯ ಸಂಸ್ಥೆಯ ಮೇಲಿನ ಆಕ್ಷೇಪಣೆಯಲ್ಲವೆಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ.

ಬಂದೂಕಿನಲ್ಲಿ ಅತಿ ಸೂಕ್ಷ್ಮವಾದ ಸ್ಥಾನವು ಕುದುರೆಯ ಕಟ್ಟು, ಎಂದರೆ ಬೆರಳು ಎಳೆಯುವ ಟ್ರಿಗರು, ಸಿಡಿಮದ್ದಿನ ಸೂಜಿಗೆ ಬಡಿಯುವ ಹ್ಯಾಮರು, ಆ ಹ್ಯಾಮರನ್ನು ತಡೆದು ನಿಲ್ಲಿಸುವ ಕೊಕ್ಕೆ, ಇವುಗಳ ಸ್ಪ್ರಿಂಗುಗಳು ಮತ್ತು ಮೊಳೆಗಳು. ಕೊಡಗಿನ ಮನೆಗಳಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಹೂವು ಮುಡಿಯುವ ಹಳೆಯ ಕೋವಿಯಲ್ಲಿ ಈ ಕಟ್ಟು ಸರಳವಾದುದು. ಅರೆಸ್ವಯಂಚಾಲಿತ ಬಂದೂಕಿನಲ್ಲಿ ಹಾಗಲ್ಲ. ಗುಂಡು ಹಾರಿದ ಕೂಡಲೆ ಅದರ ಅನಿಲದ ಒತ್ತಡವೇ ಬೋಲ್ಟನ್ನು ಹಿಂದಕ್ಕೆ ದಬ್ಬಿ, ಬರಿದಾದ ತೋಟಾವನ್ನು ಹೊರಚೆಲ್ಲಿ, ಹ್ಯಾಮರನ್ನು ಮತ್ತೆ ಮಡಚುತ್ತದೆ. ಸ್ಪ್ರಿಂಗು ಬೋಲ್ಟನ್ನು ಮುಂದೂಡಿ ಹೊಸ ತೋಟಾವನ್ನು ತುಂಬುತ್ತದೆ. ಇಷ್ಟೂ ನಡೆಯುವಾಗ ಸಿಪಾಯಿಯ ಬೆರಳು ಟ್ರಿಗರಿನ ಮೇಲೆಯೇ ಇರುತ್ತದೆ. ಆದರೂ ಅವನು ಬೆರಳನ್ನು ಸಡಿಲಿಸಿ ಮರಳಿ ಎಳೆಯುವವರೆಗೆ ಎರಡನೆಯ ಗುಂಡು ಹಾರಕೂಡದು. ಹ್ಯಾಮರನ್ನು ಆ ಕ್ಷಣದಲ್ಲಿ ಹಿಡಿದಿಟ್ಟು, ಬೆರಳು ಸಡಿಲವಾದಾಗ ಮೊದಲಿನ ಕೊಕ್ಕೆಗೆ ಒಪ್ಪಿಸುವ ಕೆಲಸವೆಲ್ಲ ಹೆಬ್ಬೆಟ್ಟಿನ ಗಾತ್ರದ ಒಂದು ಉಕ್ಕಿನ ತುಂಡಿನದು.

ಈ ತುಂಡಿಗೆ ಹದ ಕಡಮೆಯಾದರೆ ಅಂಚು ಸವೆಯುತ್ತದೆ, ಹೆಚ್ಚಾದರೆ ಮುರಿಯುತ್ತದೆ. ಸ್ಪ್ರಿಂಗಿಗೆ ಬಲ ಸಾಲದಿದ್ದರೆ ಒಂದು ಎಳೆತಕ್ಕೆ ಎರಡು ಗುಂಡು ಹಾರುವುದೂ, ಹ್ಯಾಮರಿನ ಪೆಟ್ಟು ಮೆಲ್ಲಗೆ ಬಿದ್ದು ತೋಟಾ ಸಿಡಿಯದೆ ಉಳಿಯುವುದೂ, ಟ್ರಿಗರು ಹಿಂದಿರುಗದೆ ಸತ್ತಂತೆ ಕೂರುವುದೂ ಉಂಟು. ಪ್ರತಿಯೊಂದು ಭಾಗವೂ ಗೇಜಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದು, ಕೂಡಿಸಿದಾಗ ಮಾತ್ರ ಕಟ್ಟು ಕೆಡುವುದೂ ಉಂಟು. ಏಕೆಂದರೆ ಒಂದೊಂದರಲ್ಲೂ ಬಿಟ್ಟ ಕೂದಲೆಳೆಯಷ್ಟು ರಿಯಾಯಿತಿಗಳು ಒಂದೇ ದಿಕ್ಕಿಗೆ ಸೇರಿಬಿಟ್ಟಿರುತ್ತವೆ. ಆದುದರಿಂದಲೇ ಬಲ್ಲ ಮೇಸ್ತ್ರಿಯು ದೂರು ಬಂದ ಬಂದೂಕಿಗೆ ನೇರವಾಗಿ ಅರ ಹಚ್ಚುವುದಿಲ್ಲ. ಮದ್ದಿನ ಮಸಿ, ಎಣ್ಣೆ, ಮ್ಯಾಗಜೀನು, ತೋಟಾದ ತಂಡ ಇವುಗಳನ್ನು ಮೊದಲು ನೋಡುತ್ತಾನೆ. ಸಿಡಿಯದ ತೋಟಾದ ಬೆನ್ನಿನ ಮೇಲೆ ಸೂಜಿಯ ಗುರುತು ಎಷ್ಟು ಆಳವಾಗಿದೆಯೆಂದು ಪರೀಕ್ಷಿಸುತ್ತಾನೆ. ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಿ ಮತ್ತೆ ಹಾರಿಸಿ ನೋಡುತ್ತಾನೆ. ಸ್ಪ್ರಿಂಗಿನ ಕಸಬಿನಲ್ಲಿ ಬೆಳೆದ ನಮ್ಮ ಕೈಗಾರಿಕಾ ವಲಯಕ್ಕೆ ಈ ತಾಳ್ಮೆಯನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ.

ದೋಷವು ತೋರಿದ ಸ್ಥಳದಲ್ಲಿಯೇ ಇರುವುದೆಂಬ ನಂಬಿಕೆಯಿಲ್ಲ. ಅಮೆರಿಕದ ಸೈನ್ಯವು 1936ರಲ್ಲಿ ಅಂಗೀಕರಿಸಿದ ಗರಾಂಡ್ ಎಂಬ ಅರೆಸ್ವಯಂಚಾಲಿತ ಬಂದೂಕು, ಎಂಟು ತೋಟಾಗಳಲ್ಲಿ ಏಳನೆಯದಕ್ಕೆ ಪದೇ ಪದೇ ನಿಂತುಬಿಡುತ್ತಿತ್ತು. ಮಾದರಿಯಾಗಿ ಮಾಡಿದ ಬಂದೂಕುಗಳಲ್ಲಿ ಈ ಪೀಡೆ ಇರಲಿಲ್ಲ. ಕೊನೆಗೆ ಕಾರಣ ತಿಳಿದು ಬಂದುದೇನೆಂದರೆ, ಕಾರ್ಖಾನೆಯಲ್ಲಿ ರಾಶಿಯಾಗಿ ಮಾಡಲು ಹೊರಟಾಗ ಕೊರೆಯುವ ಯಂತ್ರವು ಒಡಲಿನ ಒಳಗಿನ ಒಂದು ಏಣನ್ನು ಕೊಂಚ ಹೆಚ್ಚಾಗಿ ಕತ್ತರಿಸಿಬಿಡುತ್ತಿತ್ತು. ದೋಷವು ವಿನ್ಯಾಸಕಾರನ ಕಾಗದದ ಮೇಲೆ ಇರಲೇ ಇಲ್ಲ! ಅದನ್ನು ತಿದ್ದಿದ ಮೇಲೆ ಅದೇ ಬಂದೂಕು ಎರಡನೆಯ ಮಹಾಯುದ್ಧದಲ್ಲಿ ಹೆಸರು ಗಳಿಸಿತು.

ಅದೇ ದೇಶದವರು ವಿಯೆಟ್ನಾಮಿನಲ್ಲಿ ಇದಕ್ಕೆ ವಿರುದ್ಧವಾದ ಪಾಠವನ್ನೂ ಕಲಿಯಬೇಕಾಯಿತು. ಎಂ-16 ಬಂದೂಕಿನ ಮದ್ದನ್ನು ಸಾಕಷ್ಟು ಪರೀಕ್ಷಿಸದೆ ಬದಲಾಯಿಸಿದರು. ಶುಚಿಮಾಡುವ ಸಲಕರಣೆಗಳನ್ನು ಸರಿಯಾಗಿ ಒದಗಿಸಲಿಲ್ಲ. ಬಂದೂಕು ಕಚ್ಚಿಕೊಂಡಾಗ ಸಿಪಾಯಿಯನ್ನೇ ದೂರಿದರು. ಸಿಪಾಯಿಗಳು ಮನೆಗೆ ಬರೆದ ಕಾಗದಗಳು ಜನಪ್ರತಿನಿಧಿಗಳ ಕೈಸೇರಿ, 1967ರಲ್ಲಿ ಶಾಸನಸಭೆಯ ಸಮಿತಿಯೊಂದು ಬಹಿರಂಗ ವಿಚಾರಣೆ ನಡೆಸಿತು. ಆ ಸಮಿತಿಯ ವರದಿಯು ಅಧಿಕಾರಿಗಳಿಗೆ ಮರ್ಯಾದೆ ತರುವಂತಹುದಾಗಿರಲಿಲ್ಲ. ಆದರೆ ಬಂದೂಕು ಸುಧಾರಿಸಿತು.

ನಮ್ಮಲ್ಲಿ ಏನಾಯಿತು? ಪುಣೆಯ ಸಂಶೋಧನಾಲಯದಲ್ಲಿ ರೂಪುಗೊಂಡು ಸರ್ಕಾರಿ ಕಾರ್ಖಾನೆಗಳಲ್ಲಿ ತಯಾರಾದ ಇನ್ಸಾಸ್ ಬಂದೂಕನ್ನು 1998ರ ಗಣರಾಜ್ಯೋತ್ಸವದಲ್ಲಿ ಜನರ ಮುಂದೆ ಮೆರೆಸಲಾಯಿತು. ಮರುವರ್ಷ ಕಾರ್ಗಿಲ್ ಯುದ್ಧ. ಹಿಮದ ಚಳಿಯಲ್ಲಿ ಮ್ಯಾಗಜೀನುಗಳು ಬಿರುಕುಬಿಟ್ಟವು. ಎಣ್ಣೆಯು ಹಾರಿಸುವವನ ಕಣ್ಣಿಗೆ ಸಿಡಿಯಿತು. ಮೂರು ಗುಂಡಿಗೆ ನಿಲ್ಲಬೇಕಾದ ಬಂದೂಕು ಕೆಲವು ವೇಳೆ ನಿಲ್ಲದೆ ಹಾರಿಸುತ್ತ ಹೋಯಿತು. ಈ ಕೊನೆಯದು ಕುದುರೆಯ ಕಟ್ಟಿನಲ್ಲಿ ನೆಲೆಸುವ ಜಾತಿಯ ದೋಷವೆಂದು ವಾಚಕರು ಈಗ ಊಹಿಸಬಲ್ಲರು. 2005ರಲ್ಲಿ ನೇಪಾಳದ ಸೈನ್ಯವು ಮಾವೋವಾದಿಗಳೊಡನೆ ನಡೆದ ಕಾಳಗವೊಂದರಲ್ಲಿ 43 ಮಂದಿಯನ್ನು ಕಳೆದುಕೊಂಡು, ಭಾರತವು ಕೊಟ್ಟ ಇದೇ ಬಂದೂಕನ್ನು ಬಹಿರಂಗವಾಗಿ ದೂರಿತು. ಬಳಸುವ ಮತ್ತು ಕಾಪಾಡುವ ಕ್ರಮ ಸರಿಯಿರಲಾರದೆಂಬ ಧಾಟಿಯ ಉತ್ತರವು ನಮ್ಮ ಕಡೆಯಿಂದ ಹೋಯಿತು. ಆ ಉತ್ತರದಲ್ಲಿ ಸ್ವಲ್ಪ ಸತ್ಯಾಂಶವೂ ಇದ್ದಿರಬಹುದು. ಆದರೆ ಬಂದೂಕನ್ನು ಬಿಚ್ಚಿ ನೋಡುವುದಕ್ಕೆ ಮುಂಚೆ ಸಿಪಾಯಿಯ ಮೇಲೆ ತಪ್ಪು ಹೊರಿಸುವ ಅಭ್ಯಾಸವನ್ನು ನಾವು ಒಪ್ಪಲಾರೆವು.

ಇನ್ಸಾಸನ್ನು ತಿದ್ದಲೇ ಇಲ್ಲವೆಂದಲ್ಲ, ತಿದ್ದಿದರು. ತಿದ್ದುವಷ್ಟರಲ್ಲಿ ಸಿಪಾಯಿಯ ವಿಶ್ವಾಸ ಹೊರಟುಹೋಗಿತ್ತು. 2019ರಲ್ಲಿ ಎಪ್ಪತ್ತೆರಡು ಸಾವಿರಕ್ಕೂ ಮೇಲ್ಪಟ್ಟು ಅಮೆರಿಕದ ಬಂದೂಕುಗಳನ್ನು ಕೊಂಡುಕೊಳ್ಳಬೇಕಾಯಿತು. ರಷ್ಯದವರೊಡನೆ ಕೂಡಿ ಅಮೇಠಿಯಲ್ಲಿ ಅವರ ವಿನ್ಯಾಸದ ಬಂದೂಕನ್ನು ತಯಾರಿಸಬೇಕಾಯಿತು. ದೂರುಗಳಿಗೆ ಮೊದಲ ದಿನವೇ ಕಿವಿಗೊಟ್ಟಿದ್ದರೆ ಈ ವೆಚ್ಚದಲ್ಲಿ ಎಷ್ಟು ಭಾಗ ಉಳಿಯುತ್ತಿತ್ತೆಂಬುದನ್ನು ಲೆಕ್ಕಪತ್ರದ ಅಧಿಕಾರಿಗಳು ಯೋಚಿಸಲಿ.

ಖಾಸಗಿ ತಯಾರಕರಿಗೆ 2001ರಲ್ಲಿ ಬಾಗಿಲು ತೆರೆದ ಸರ್ಕಾರವು ಅದೇ ಹಳೆಯ ಗೋಪ್ಯವನ್ನು ಅವರಿಗೂ ಬಳುವಳಿಯಾಗಿ ಕೊಡಬಾರದು. ಸೈನ್ಯ ಅಥವಾ ಪೋಲೀಸು ಇಲಾಖೆಯು ಹೊಸ ಬಂದೂಕನ್ನು ಕೈಗೆ ತೆಗೆದುಕೊಂಡ ದಿನದಿಂದ, ಪ್ರತಿಯೊಂದು ಬಂದೂಕು ಎಷ್ಟು ಗುಂಡಿಗೆ, ಯಾವ ಹವೆಯಲ್ಲಿ, ಯಾವ ತೋಟಾದಿಂದ, ಹೇಗೆ ನಿಂತಿತೆಂಬುದು ಪುಸ್ತಕದಲ್ಲಿ ದಾಖಲಾಗಬೇಕು. ಆ ದಾಖಲೆಯು ಹತ್ತು ಮೇಜುಗಳನ್ನು ಹಾಯದೆ ತಯಾರಕನಿಗೆ ತಲಪಬೇಕು. ಮುರಿದ ಭಾಗವೂ ಕಾಗದದೊಡನೆ ಹೋಗಬೇಕು. ಯುದ್ಧರಹಸ್ಯವಾದುದನ್ನು ಬಿಟ್ಟು ಉಳಿದುದರ ಸಾರಾಂಶವನ್ನು ವರ್ಷಕ್ಕೊಮ್ಮೆ ಪಾರ್ಲಿಮೆಂಟಿನ ರಕ್ಷಣಾ ಸ್ಥಾಯೀ ಸಮಿತಿಯ ಮುಂದಿಡಬೇಕು. ಇದರಿಂದ ಶತ್ರುವಿಗೆ ಲಾಭವಾಗುವುದೆನ್ನುವವರಿಗೆ ನಮ್ಮ ಉತ್ತರವಿಷ್ಟೆ: ನಮ್ಮ ಬಂದೂಕು ನಿಂತುಹೋಗುವುದೆಂಬುದು ಎದುರಿಗೆ ನಿಂತ ಶತ್ರುವಿಗೆ ಮೊದಲೇ ತಿಳಿದಿರುತ್ತದೆ. ತಿಳಿಯದಿರುವುದು ದೆಹಲಿಗೆ.

ಇನ್ನೊಂದು ಸಂಗತಿ ಕರ್ನಾಟಕ ಸರ್ಕಾರಕ್ಕೆ ಸೇರಿದ್ದು. ಕೇಂದ್ರವು 2018ರಲ್ಲಿ ಸಾರಿದ ಎರಡು ರಕ್ಷಣಾ ಕೈಗಾರಿಕಾ ಕಾರಿಡಾರುಗಳು ಉತ್ತರ ಪ್ರದೇಶಕ್ಕೂ ತಮಿಳುನಾಡಿಗೂ ದೊರೆತವು. ಬೊಮ್ಮಸಂದ್ರದಿಂದ ಅದೇ ಹೆದ್ದಾರಿಯಲ್ಲಿ ಅತ್ತಿಬೆಲೆಯನ್ನು ದಾಟಿದರೆ ಸಿಗುವ ಹೊಸೂರು ಅದರೊಳಗಿದೆ, ಬೊಮ್ಮಸಂದ್ರ ಹೊರಗಿದೆ. ಪರೀಕ್ಷಾ ಸೌಕರ್ಯಗಳಿಗೆಂದು 2020ರಲ್ಲಿ 400 ಕೋಟಿ ರೂಪಾಯಿಗಳ ಯೋಜನೆಯನ್ನು ತೆರೆದಾಗಲೂ ಒಲವು ಕಾರಿಡಾರುಗಳ ಕಡೆಗೇ ಇತ್ತು. ನಮಗೂ ಕಾರಿಡಾರು ಬೇಕೆಂದು ರಾಜ್ಯದ ಮಂತ್ರಿಗಳು 2025ರಲ್ಲಿ ಕೇಳಿದ್ದಾರೆ, ಕೇಳಿದ್ದು ಒಳ್ಳೆಯದು. ಆದರೆ ಕಾರಿಡಾರಿಗಾಗಿ ಕಾದು ಕುಳಿತಿರುವ ಅಗತ್ಯವಿಲ್ಲ. ಆನೇಕಲ್ ತಾಲ್ಲೂಕಿನಲ್ಲಿ ಸಣ್ಣ ಆಯುಧಗಳಿಗೆ ಒಂದು ಸಾರ್ವಜನಿಕ ಪರೀಕ್ಷಾಲಯವನ್ನು ಕಟ್ಟಬೇಕು: ಶೀತಕೋಣೆ, ಧೂಳಿನ ಕೋಣೆ, ಸಾವಿರಾರು ಗುಂಡುಗಳನ್ನು ನಿರ್ಭಯವಾಗಿ ಹಾರಿಸಬಲ್ಲ ಮುಚ್ಚಿದ ಗುರಿಮನೆ, ಉಕ್ಕಿನ ಹದವನ್ನು ಅಳೆಯುವ ಯಂತ್ರಗಳು, ಮತ್ತು ತಯಾರಕನಿಗೂ ಕೊಳ್ಳುವವನಿಗೂ ಅಧೀನರಲ್ಲದ ಪರೀಕ್ಷಕರು. ಇದಕ್ಕೆ ಬೇಕಾದ ಭೂಮಿಯನ್ನೂ ಮೊದಲ ಕಂತಿನ ಹಣವನ್ನೂ ಬರುವ ಆಯವ್ಯಯದಲ್ಲಿಯೇ ಗೊತ್ತುಪಡಿಸಬೇಕೆಂದು ನಾವು ಕೈಗಾರಿಕಾ ಇಲಾಖೆಯವರನ್ನು ಒತ್ತಾಯಪಡಿಸುತ್ತೇವೆ.