ಕಳೆದುಹೋದ ಕಂಠಕ್ಕೆ ಶೋಕವೇಕೆ?

ಇಟಲಿಯ ‘ಕಾಸ್ತ್ರಾತೋ’ ಗಾಯಕರಿಗೆ ಇಂದಿನ ಪುರುಷ ಗಾಯಕರು ಸಾಟಿಯಲ್ಲವೆಂದು ಹಲುಬುವ ಸಂಗೀತಪ್ರಿಯರಿದ್ದಾರೆ. ಅಂತರವುಂಟೆಂಬುದನ್ನು ನಾನೂ ಒಪ್ಪುತ್ತೇನೆ. ಶೋಕವನ್ನು ಮಾತ್ರ ಒಪ್ಪಲಾರೆ.

ಚರ್ಚಿನ ಮೇಳದಲ್ಲಿ ಸ್ತ್ರೀಯರು ಹಾಡಕೂಡದೆಂಬ ಕಟ್ಟಳೆಯಿದ್ದ ಕಾಲವದು. ತಾರಸ್ಥಾಯಿಯನ್ನು ಉಳಿಸಿಕೊಳ್ಳಲೆಂದು ದನಿಯೊಡೆಯುವ ಮುನ್ನವೇ ಬಾಲಕರ ಬೀಜ ಒಡೆಯಲಾಗುತ್ತಿತ್ತು. ಧ್ವನಿಪೆಟ್ಟಿಗೆ ಎಳೆಯದಾಗಿಯೇ ಉಳಿದು, ಎದೆಗೂಡು ಮಾತ್ರ ಬೆಳೆಯುತ್ತಿತ್ತು. ಮಗುವಿನ ಕಂಠಕ್ಕೆ ಪ್ರೌಢನ ಉಸಿರು, ಅದರ ಮೇಲೆ ವರ್ಷಗಳ ಕಠಿಣ ಸಾಧನೆ: ಫಾರಿನೆಲ್ಲಿಯಂಥವರ (1705–1782) ಕೀರ್ತಿ ನಿಂತದ್ದು ಇದರ ಮೇಲೆ. ಅಂಗಚ್ಛೇದವನ್ನು ನಿಷೇಧಿಸಿದ ಚರ್ಚೇ ಅದರ ಫಲವನ್ನು ಪೋಪರ ಮೇಳದಲ್ಲಿ ಇರಿಸಿಕೊಂಡಿತು.

ಇಂದಿನ ‘ಕೌಂಟರ್‌ಟೆನರ್’ ಆದರೋ ದನಿಯೊಡೆದ ಗಂಡಸೇ. ಧ್ವನಿತಂತುಗಳ ಅಂಚನ್ನು ಕಂಪಿಸಿ, ‘ಫಾಲ್ಸೆಟೊ’ ಎಂಬ ಹುಸಿದನಿಯನ್ನು ಪಳಗಿಸಿ ಹಾಡುತ್ತಾನೆ. 1994ರ ‘ಫಾರಿನೆಲ್ಲಿ’ ಚಿತ್ರಕ್ಕಾಗಿ ಇಂಥವನೊಬ್ಬನ ಕಂಠವನ್ನು ಗಾಯಕಿಯೊಬ್ಬಳ ಕಂಠದೊಡನೆ ಯಂತ್ರದಲ್ಲಿ ಬೆಸೆಯಬೇಕಾಯಿತು. ಮೊರೆಸ್ಕಿ 1902 ಮತ್ತು 1904ರಲ್ಲಿ ಹಾಡಿದ ಮುದ್ರಿಕೆಗಳೇ ಆ ಪರಂಪರೆಯ ಏಕೈಕ ಏಕಕಂಠ ದಾಖಲೆ.

ಸೆನೆಸೀನೋಗಾಗಿ ಹ್ಯಾಂಡೆಲ್ 1724ರಲ್ಲಿ ರಚಿಸಿದ ಸೀಸರನ ಪಾತ್ರವನ್ನು ಈಗ ಕೌಂಟರ್‌ಟೆನರರೂ ಸ್ತ್ರೀಯರೂ ಹಾಡುತ್ತಾರೆ. ಅಲ್ಲಿ ಕೊರತೆ ಕೇಳಿಸಿದರೆ ಕೇಳಿಸಲಿ. ಆ ಕೊರತೆಯನ್ನು ತುಂಬಲು ಯಾವ ಬಾಲಕನನ್ನೂ ಕೇಳುವ ಹಕ್ಕು ರಸಿಕರಿಗಿಲ್ಲ.