ದಂಡು ತೆರಳಿದ ಮೇಲೆ ಉಳಿಯುವುದೇನು?

ಪರದೇಶದ ಸೈನ್ಯಕ್ಕೆ ಒಂದು ನಾಡನ್ನು ಹೊಗುವುದು ಕಷ್ಟವಲ್ಲ. ಅಲ್ಲಿಂದ ಮಾನದಿಂದ ಹೊರಡುವುದು ಕಷ್ಟ. ಹೊರಟ ಮೇಲೆ ಆ ನಾಡು ಯಾರ ಕೈಸೇರಬೇಕೆಂಬುದನ್ನು ನಿಶ್ಚಯಿಸುವುದಂತೂ ಅದರ ಶಕ್ತಿಗೆ ಮೀರಿದ ಮಾತು. 2021ರಲ್ಲಿ ಕಾಬೂಲು ನಗರವು ಜಗತ್ತಿಗೆ ಈ ಪಾಠವನ್ನು ಕಲಿಸಿತು. ಆದರೆ ಇದನ್ನು ಕಲಿಯಲು ನಮ್ಮವರು ಅಷ್ಟು ದೂರ ಹೋಗಬೇಕಾಗಿಲ್ಲ. ಸುರಪುರ ಸೀಮೆಯ ದೇವಾಪುರವು ಮುನ್ನೂರು ವರ್ಷಗಳ ಹಿಂದೆಯೇ ಇದನ್ನು ಕಣ್ಣಾರೆ ಕಂಡಿದ್ದಿತು.

1705ರ ಫೆಬ್ರುವರಿಯಲ್ಲಿ ಔರಂಗಜೇಬ ಬಾದಶಹನು ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದನು. ಅವನಿಗೆ ಆಗ ಎಂಬತ್ತಾರು ದಾಟಿದ ವಯಸ್ಸು. ಎದುರಿಗೆ ನಿಂತವನು ಬೇಡರ ದೊರೆ ಪಿಡ್ಡನಾಯಕನು. ಮುಂದೆ ಹೈದರಾಬಾದಿನ ಆಸಫಜಾಹಿ ಮನೆತನಕ್ಕೆ ಮೂಲಪುರುಷನಾದ ಚಿನ್ ಕಿಲಿಚ್ ಖಾನನೂ ಆ ಮುತ್ತಿಗೆಯಲ್ಲಿದ್ದನು. ಹಿಂದುಸ್ತಾನದ ಬಲವೆಲ್ಲವೂ ಒಂದು ಚಿಕ್ಕ ಸಂಸ್ಥಾನದ ಮೇಲೆ ಬಿದ್ದರೂ, ಕೋಟೆಯು ಕೈವಶವಾಗಲು ಏಪ್ರಿಲ್ ತಿಂಗಳ ಕೊನೆಯವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ನಾಯಕನು ಮರಾಠರ ನೆರವಿನಿಂದ ತನ್ನವರೊಡನೆ ಪಾರಾಗಿದ್ದನು. ಬಾದಶಹನಿಗೆ ದೊರೆತದ್ದು ಸುಟ್ಟ ಮನೆಗಳ ಬರಿದಾದ ಕೋಟೆ. ಬಳಿಕ ಅವನು ದೇವಾಪುರದಲ್ಲಿ ಪಾಳೆಯ ಬಿಟ್ಟನು. ಅಲ್ಲಿಯೇ ಕಾಯಿಲೆಬಿದ್ದನು, ದಂಡೆಲ್ಲ ಅವನ ಆಸೆಯನ್ನೇ ತೊರೆಯುವಷ್ಟು ಬಳಲಿದನು. ಅಕ್ಟೋಬರದಲ್ಲಿ ಪಾಳೆಯ ಕಿತ್ತು ಅಹಮದನಗರದ ಕಡೆಗೆ ಸಾಗಿದನು. ಮರಾಠರ ಪಡೆಗಳು ಅವನ ಹಿಂದೆಯೇ ಸುಳಿದಾಡುತ್ತಿದ್ದವು. 1707ರಲ್ಲಿ ಅಲ್ಲಿಯೇ ಅವನು ಕಾಲವಾದನು. ಸುರಪುರದ ನಾಯಕರಾದರೋ 1858ರಲ್ಲಿ ರಾಜಾ ವೆಂಕಟಪ್ಪನಾಯಕನು ಇಂಗ್ಲಿಷರೊಡನೆ ಹೋರಾಡಿ ರಾಜ್ಯ ಕಳೆದುಕೊಳ್ಳುವವರೆಗೆ, ಒಂದೂವರೆ ಶತಮಾನ ಆಳಿಕೊಂಡಿದ್ದರು. ಕೋಟೆಯನ್ನು ಗೆದ್ದವನು ನಾಡನ್ನು ಗೆದ್ದಿರಲಿಲ್ಲ.

ಇನ್ನು ಅಫಘಾನಿಸ್ತಾನದ ವಿಚಾರಕ್ಕೆ ಬರೋಣ. 2001ರ ನವೆಂಬರದಲ್ಲಿ ಅಮೇರಿಕೆಯ ಬಲದಿಂದ ತಾಲಿಬಾನರು ಕಾಬೂಲನ್ನು ಬಿಟ್ಟೋಡಿದರು. ಅದನ್ನೇ ಪೂರ್ಣ ವಿಜಯವೆಂದು ಬಗೆದವರು ಬಹಳ. ವಾಸ್ತವದಲ್ಲಿ ಅದೂ ಬರಿದಾದ ಕೋಟೆಯೇ ಆಗಿದ್ದಿತು. ಓಡಿದವರು ಪಾಕಿಸ್ತಾನದ ನೆಲದಲ್ಲಿ ಆಶ್ರಯ ಪಡೆದು ಇಪ್ಪತ್ತು ವರ್ಷ ಕಾದರು. 2020ರ ಫೆಬ್ರುವರಿ 29ರಂದು ದೋಹಾ ಪಟ್ಟಣದಲ್ಲಿ ಅಮೇರಿಕೆಯೂ ತಾಲಿಬಾನರೂ ಒಡಂಬಡಿಕೆ ಮಾಡಿಕೊಂಡಾಗ, ಯಾವ ಸರಕಾರದ ರಕ್ಷಣೆಗೆಂದು ದಂಡು ನಿಂತಿದ್ದಿತೋ ಆ ಕಾಬೂಲು ಸರಕಾರಕ್ಕೇ ಅಲ್ಲಿ ಸ್ಥಾನವಿರಲಿಲ್ಲ. ಆದರೂ ಅದರ ಸೆರೆಯಲ್ಲಿದ್ದ ಐದು ಸಾವಿರ ತಾಲಿಬಾನರ ಬಿಡುಗಡೆಯು ಆ ಒಡಂಬಡಿಕೆಯಲ್ಲಿ ಸೇರಿದ್ದಿತು. ಮನೆಯ ಯಜಮಾನನನ್ನು ಹೊರಗೆ ನಿಲ್ಲಿಸಿ ಮನೆಯ ಬೀಗದ ಕೈಗಳನ್ನು ಹಂಚಿದರೆ, ಆಳುಕಾಳುಗಳು ಯಜಮಾನನ ಮಾತನ್ನು ಎಷ್ಟು ದಿನ ಕೇಳಿಯಾರು?

ಆದದ್ದೂ ಅದೇ. 2021ರ ಜುಲೈ ಮೊದಲಲ್ಲಿ ಅಮೇರಿಕದವರು ಬಗ್ರಾಮದ ವಿಮಾನನೆಲೆಯನ್ನು ರಾತ್ರೋರಾತ್ರಿ ತೆರವು ಮಾಡಿದರು. ಆಗಸ್ಟ್ 15ರಂದು ಅಧ್ಯಕ್ಷ ಅಶ್ರಫ್ ಘನಿಯವರು ದೇಶ ಬಿಟ್ಟರು. ಅಂದೇ ತಾಲಿಬಾನರು ಕಾಬೂಲನ್ನು ಹೊಕ್ಕರು. ಕಾಗದದ ಮೇಲೆ ಮೂರು ಲಕ್ಷವಿದ್ದ ಅಫಘಾನ ಪಡೆ ಕರಗಿಹೋಯಿತು. ಆ ಲೆಕ್ಕದಲ್ಲಿ ಸಂಬಳದ ಪಟ್ಟಿಯಲ್ಲಿ ಮಾತ್ರ ಬದುಕಿದ್ದ ಸಿಪಾಯಿಗಳೂ ಇದ್ದರು. ವಿಮಾನಗಳನ್ನು ದುರಸ್ತಿ ಮಾಡುತ್ತಿದ್ದ ಪರದೇಶದ ಗುತ್ತಿಗೆಯವರು ದಂಡಿನೊಡನೆಯೇ ಹೊರಟುಹೋಗಿದ್ದರು.

ಅಫಘಾನರು ಸ್ವಭಾವತಃ ಆಳಲ್ಪಡದವರು, ಆದುದರಿಂದ ಇದು ಅನಿವಾರ್ಯವಾಗಿದ್ದಿತು, ಎಂದು ಕೆಲವರು ಹೇಳುವರು. ನಾವು ಇದನ್ನು ಒಪ್ಪಲಾರೆವು. ರಷ್ಯದ ಕೊನೆಯ ಸಿಪಾಯಿಗಳು 1989ರ ಫೆಬ್ರುವರಿ 15ರಂದು ಗಡಿ ದಾಟಿದರು. ಆದರೂ ನಜೀಬುಲ್ಲಾರ ಸರಕಾರವು ಮೂರು ವರ್ಷಕ್ಕೂ ಮಿಕ್ಕಿ, 1992ರ ಏಪ್ರಿಲದವರೆಗೆ ನಿಂತಿತು. 1991ರ ಕೊನೆಗೆ ಮಾಸ್ಕೋದ ಹಣವೂ ಎಣ್ಣೆಯೂ ನಿಂತುಹೋದ ಬಳಿಕವೇ ಅದು ಬಿದ್ದದ್ದು. ಇದರಿಂದ ತಿಳಿಯುವುದಿಷ್ಟು: ಪರರ ದಂಡಿಲ್ಲದೆ ಸರಕಾರವು ಕೆಲಕಾಲ ನಿಂತೀತು, ಪರರ ಖಜಾನೆಯೇ ಬೇರಾಗಿದ್ದರೆ ಆ ಖಜಾನೆ ಮುಚ್ಚಿದ ದಿನ ಉರುಳೀತು, ತನ್ನವರ ನಂಬಿಕೆಯನ್ನೂ ಕಳೆದುಕೊಂಡಿದ್ದರೆ ದಂಡು ಹೊರಡುವ ಮುನ್ನವೇ ಉರುಳೀತು. 2021ರಲ್ಲಿ ನಡೆದದ್ದು ಮೂರನೆಯದು. ಅಮೇರಿಕೆಯ ಕೊನೆಯ ವಿಮಾನವು ಆಗಸ್ಟ್ 30ರ ರಾತ್ರಿ ಮೇಲೇರುವ ಹೊತ್ತಿಗೆ, ಅದು ಕಾಪಾಡಬೇಕಾಗಿದ್ದ ಸರಕಾರವು ಇಲ್ಲವಾಗಿ ಹದಿನೈದು ದಿನಗಳಾಗಿದ್ದವು.

ಹಾಗಾದರೆ ತಾಲಿಬಾನರು ಆ ನಾಡಿನ ಪಿಡ್ಡನಾಯಕರೋ? ಖಂಡಿತವಾಗಿ ಅಲ್ಲ. ಸಾಮ್ಯವಿರುವುದು ದಂಡೆತ್ತಿ ಬಂದವರ ಎಣಿಕೆ ತಪ್ಪಿದುದರಲ್ಲಿ; ಉಳಿದವರ ಗುಣದಲ್ಲಲ್ಲ. ಪರಕೀಯರು ಹೋದುದೇ ಸ್ವರಾಜ್ಯವೆಂದು ಭಾವಿಸುವುದು ದೊಡ್ಡ ಭ್ರಮೆ. 2021ರ ಸೆಪ್ಟೆಂಬರದಿಂದ ಅಲ್ಲಿ ಆರನೆಯ ತರಗತಿಯ ಮೇಲಿನ ಹೆಣ್ಣುಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿತು. 2022ರ ಡಿಸೆಂಬರದಲ್ಲಿ ವಿಶ್ವವಿದ್ಯಾನಿಲಯಗಳ ಬಾಗಿಲೂ ಮುಚ್ಚಿತು. ಪ್ರಜೆಗಳಲ್ಲಿ ಅರ್ಧದಷ್ಟು ಜನರನ್ನು ಅಕ್ಷರದಿಂದ ದೂರವಿಟ್ಟ ಆಳಿಕೆಗೆ ನಾವು ಸ್ವರಾಜ್ಯವೆಂಬ ಹೆಸರನ್ನು ಕೊಡಲಾರೆವು. ಅದು ತಂದ ಶಾಂತಿಯು ಗಡಿಯಲ್ಲಿಯೂ ನಿಲ್ಲಲಿಲ್ಲ: ಹಿಂದೆ ಆಶ್ರಯವಿತ್ತ ಪಾಕಿಸ್ತಾನದೊಡನೆಯೇ 2025ರ ಅಕ್ಟೋಬರದಲ್ಲಿ ಗುಂಡಿನ ಕಾಳಗ ನಡೆಯಿತು.

ಇದರಲ್ಲಿ ನಮ್ಮ ದೇಶದ ಕರ್ತವ್ಯವೇನು? ಭಾರತವು ಅಲ್ಲಿಗೆ ದಂಡನ್ನು ಕಳುಹಿಸಲಿಲ್ಲ; ಹೇರಾತದ ಬಳಿಯ ಸಲ್ಮಾ ಅಣೆಕಟ್ಟನ್ನೂ ಜರಂಜಿನಿಂದ ದೆಲಾರಾಮಿಗೆ ಹೋಗುವ ರಸ್ತೆಯನ್ನೂ ಕಾಬೂಲಿನ ಪಾರ್ಲಿಮೆಂಟು ಭವನವನ್ನೂ ಕಟ್ಟಿಸಿಕೊಟ್ಟಿತು. ಸರಕಾರ ಬದಲಾದರೂ ಅಣೆಕಟ್ಟಿನ ನೀರು ಹೊಲಗಳಿಗೆ ಹರಿಯುವುದು. 2025ರ ಅಕ್ಟೋಬರದಲ್ಲಿ ತಾಲಿಬಾನರ ವಿದೇಶಮಂತ್ರಿ ಮುತ್ತಕಿಯವರು ದಿಲ್ಲಿಗೆ ಬಂದಾಗ, ಕಾಬೂಲಿನಲ್ಲಿರುವ ನಮ್ಮ ಕಚೇರಿಯನ್ನು ರಾಯಭಾರ ಕಚೇರಿಯ ಪದವಿಗೆ ಏರಿಸುವುದಾಗಿ ನಮ್ಮ ಸರಕಾರವು ಸಾರಿತು. ನೆರೆಹೊರೆಯ ವಾಸ್ತವವನ್ನು ಕಣ್ಮುಚ್ಚಿ ನಿರಾಕರಿಸುವುದು ಮುತ್ಸದ್ದಿತನವಲ್ಲವಾದ್ದರಿಂದ, ಈ ಹೆಜ್ಜೆಯನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಮಾತನಾಡುವುದು ಬೇರೆ, ಮೆಚ್ಚುವುದು ಬೇರೆ.

ನಮ್ಮ ಸ್ನೇಹವು ಕಾಬೂಲಿನ ಪೀಠದೊಡನೆ ಮಾತ್ರವಲ್ಲ, ಆ ಜನರೊಡನೆ ಎಂಬುದನ್ನು ತೋರಿಸುವ ದಾರಿಯೊಂದು ನಮ್ಮ ಕೈಯಲ್ಲಿಯೇ ಇದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಫಘಾನ ತರುಣರು ಓದುತ್ತಿದ್ದುದನ್ನು ವಾಚಕರು ಬಲ್ಲರು. 2021ರ ಆಗಸ್ಟದಲ್ಲಿ, ಭಾರತದ ಹೊರಗಿದ್ದ ಅಫಘಾನರಿಗೆ ಅದುವರೆಗೆ ಕೊಟ್ಟಿದ್ದ ವೀಸಾಗಳನ್ನೆಲ್ಲ ನಮ್ಮ ಸರಕಾರವು ರದ್ದುಪಡಿಸಿದುದರಿಂದ, ಊರಿಗೆ ಹೋಗಿದ್ದ ವಿದ್ಯಾರ್ಥಿಗಳು ಅಲ್ಲಿಯೇ ಸಿಕ್ಕಿಕೊಂಡರು. ಅಂದಿನ ಗೊಂದಲದಲ್ಲಿ ಎಚ್ಚರಿಕೆಯು ಅವಶ್ಯವಾಗಿದ್ದಿರಬಹುದು. ಮಂತ್ರಿಗಳಿಗೆ ದಿಲ್ಲಿಯ ದ್ವಾರ ತೆರೆದ ಮೇಲೆ, ತನ್ನ ನಾಡಿನಲ್ಲಿ ಪಾಠಶಾಲೆಯಿಲ್ಲದ ಹುಡುಗಿಗೆ ನಮ್ಮ ವಿದ್ಯಾಲಯದ ದ್ವಾರವನ್ನು ಮುಚ್ಚಿಡಲು ಕಾರಣವಿಲ್ಲ. ತಕ್ಕ ವಿಚಾರಣೆ ಮಾಡಿ ವಿದ್ಯಾರ್ಥಿಗಳನ್ನು, ಮುಖ್ಯವಾಗಿ ವಿದ್ಯಾರ್ಥಿನಿಯರನ್ನು, ಧಾರಾಳವಾಗಿ ಬರಮಾಡಿಕೊಳ್ಳಬೇಕೆಂದು ನಾವು ಸರಕಾರವನ್ನು ಒತ್ತಾಯಪಡಿಸುವೆವು.

ಬಾದಶಹನ ಪಾಳೆಯದ ಗುರುತು ದೇವಾಪುರದ ಬಯಲಿನಲ್ಲಿ ಉಳಿಯಲಿಲ್ಲ. ಬಗ್ರಾಮದ ನೆಲೆಯೂ ಕಟ್ಟಿದವರ ಕೈಯಲ್ಲಿ ಉಳಿಯಲಿಲ್ಲ. ದಂಡು ಇರುವಷ್ಟು ದಿನ ಭಯವಿರುವುದು. ಕಲಿತವರು ಇರುವಷ್ಟು ದಿನ ನಾಡಿಗೆ ಆಸೆಯಿರುವುದು. ಭಾರತವು ಎರಡನೆಯದರಲ್ಲಿ ತನ್ನ ಹಣವನ್ನು ಹೂಡಲಿ.