ಗೋಲ್‌ಕೀಪರ್‌ನ ಸಂಬಳ

ಆನ್‌ಲೈನ್ ಹಾಕಿ ಮ್ಯಾನೇಜರ್ ಆಟದಲ್ಲಿ ನನ್ನದೊಂದು ತಂಡವಿದೆ. ಇದು ನಮ್ಮ ಮೈದಾನದ ಹನ್ನೊಂದು ಜನರ ಹಾಕಿಯಲ್ಲ, ಐಸ್ ಹಾಕಿ. ಗೋಲ್‌ಕೀಪರ್ ಸೇರಿ ಆರು ಜನ, 20 ನಿಮಿಷದ ಮೂರು ಅವಧಿ. ನನ್ನ ಕೆಲಸ ಲೆಕ್ಕದ್ದು: ಟಿಕೆಟ್ ಆದಾಯ, ಸಂಬಳ, ಆಟಗಾರರ ಖರೀದಿ, ಮಾರಾಟ. ಅಬ್ಬಾ ಇದನ್ನು ಟೈಮ್‌ಪಾಸ್ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಸಂಬಳ ನೋಡದೆ ಇಬ್ಬರು ಸ್ಟಾರ್‌ಗಳನ್ನು ಕೊಂಡು ತಂಡ ಸಾಲಕ್ಕೆ ಬಿದ್ದ ಮೇಲೆಯೇ ನನಗೆ ಬಜೆಟ್ ಅಂದರೇನೆಂದು ಅರ್ಥವಾದದ್ದು.

ಆದರೆ ಒಂದು ವಿಷಯ ಚುಚ್ಚುತ್ತಿದೆ. ವಯಸ್ಸಾಯಿತೆಂದು ಗೋಲ್‌ಕೀಪರ್‌ನನ್ನು ಮಾರಿದೆ, ಲೆಕ್ಕ ಸರಿಯಿತ್ತು. ಅದೇ ತಿಂಗಳು ಅಬ್ಬಾನ ಅಂಗಡಿಯ ಮಾಲೀಕರು, ಹುಡುಗರು ಕಡಿಮೆ ಸಂಬಳಕ್ಕೆ ಸಿಗುತ್ತಾರೆಂದು ಅವರನ್ನು ಕೆಲಸದಿಂದ ಬಿಡಿಸಿದರು. ಅವರ ಲೆಕ್ಕವೂ ಸರಿಯೇ! ಸಂಬಳ ಬರೀ ಖರ್ಚೇ? ನಮ್ಮ ಕಾಮರ್ಸ್ ತರಗತಿಯಲ್ಲಿ ಇದು ಚರ್ಚೆಯಾಗಬೇಕು. ಉಪನ್ಯಾಸಕರು ಒಂದು ಪೀರಿಯಡ್ ಕೊಟ್ಟರೆ ಸಾಕು.